ಗೆದ್ದರೂ ಬಿಡದ ಅಳುಕು

ಎದೆಗಾರಿಕೆಯೆಂದರೆ ಅಳುಕಿಲ್ಲದಿರುವುದು ಎಂದೇ ನಾನು ಬಹುಕಾಲ ನಂಬಿದ್ದೆ. ಸರ್ಕಾರಿ ಸೇವೆಯಲ್ಲಿದ್ದಾಗ ವಿಧಾನಮಂಡಲ ಅಧಿವೇಶನದ ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಅದನ್ನು ನನ್ನ ದೌರ್ಬಲ್ಯವೆಂದು ಎಣಿಸುತ್ತಿದ್ದೆ. ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಅವರ ಬದುಕನ್ನು ನಿವೃತ್ತಿಯ ಬಳಿಕ ಓದಿದಾಗ ಆ ನಂಬಿಕೆ ಸಡಿಲಿತು.

1902ರಲ್ಲಿ ಅಟ್ಲಾಂಟಾದಲ್ಲಿ ಜನಿಸಿದ ಜೋನ್ಸ್ ಹದಿನಾಲ್ಕರ ಹರೆಯದಲ್ಲೇ ರಾಷ್ಟ್ರೀಯ ಸ್ಪರ್ಧೆಗೆ ಇಳಿದವರು. ಪ್ರತಿಭೆಗೆ ಕೊರತೆಯಿರಲಿಲ್ಲ, ಸಿಟ್ಟಿಗೆ ಕಡಿವಾಣವೂ ಇರಲಿಲ್ಲ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮರಳುಗುಂಡಿಗೆ ಬಿದ್ದ ಚೆಂಡು ಮೇಲೇಳದಿದ್ದಾಗ ಕಂಗೆಟ್ಟು, ಬ್ರಿಟಿಷ್ ಓಪನ್ ಪಂದ್ಯಾವಳಿಯನ್ನೇ ಅರ್ಧಕ್ಕೆ ತೊರೆದರು. ಆ ನಾಚಿಕೆ ಅವರನ್ನು ತಿದ್ದಿತು. ಎದುರಾಳಿಯನ್ನು ಮರೆತು, ಪ್ರತಿ ಕುಳಿಗೂ ನಿಗದಿಯಾದ ಹೊಡೆತಗಳ ಸಂಖ್ಯೆಯಾದ ‘ಪಾರ್’ ಒಂದನ್ನೇ ಎದುರಾಳಿಯೆಂದು ಬಗೆದು ಆಡುವುದನ್ನು ರೂಢಿಸಿಕೊಂಡರು. ಇಂದು ಕ್ರೀಡಾ ಮನೋವಿಜ್ಞಾನಿಗಳು ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ: ತನ್ನ ಹತೋಟಿಯಲ್ಲಿರುವುದರತ್ತ ಮಾತ್ರ ಗಮನ.

1923ರಲ್ಲಿ ಯು.ಎಸ್. ಓಪನ್ ಗೆದ್ದರು. 1930ರಲ್ಲಂತೂ ಬ್ರಿಟನ್ ಮತ್ತು ಅಮೆರಿಕಗಳ ಓಪನ್, ಅಮೆಚೂರ್ ಪ್ರಶಸ್ತಿಗಳು ನಾಲ್ಕೂ ಒಂದೇ ವರ್ಷ ಅವರ ಪಾಲಾದವು. ಸಿಟ್ಟು ಹತೋಟಿಗೆ ಬಂದಿತ್ತು. ಅಳುಕು ಮಾತ್ರ ಬಿಟ್ಟಿರಲಿಲ್ಲ. ದೊಡ್ಡ ಪಂದ್ಯಗಳ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ, ಮೈತೂಕ ಇಳಿಯುತ್ತಿತ್ತು. ಗೆದ್ದಷ್ಟೂ ಜನರ ನಿರೀಕ್ಷೆ ಏರುತ್ತಿತ್ತು. ಅದೇ ವರ್ಷ, 28ರ ವಯಸ್ಸಿನಲ್ಲಿ, ವಕೀಲರಾಗಿದ್ದ ಜೋನ್ಸ್ ಸ್ಪರ್ಧೆಗಳಿಂದ ನಿವೃತ್ತರಾದರು. ಇದನ್ನು ಪಲಾಯನವೆನ್ನಲು ನನಗೆ ಮನಸ್ಸಿಲ್ಲ. ತನ್ನ ಅಳುಕಿನ ಬೆಲೆಯನ್ನು ಸರಿಯಾಗಿ ಲೆಕ್ಕಹಾಕಿದ ನಿರ್ಧಾರವದು. ಅರ್ಥಶಾಸ್ತ್ರ ಓದಿದವನಿಗೆ ಹಾಗೆಯೇ ತೋರುತ್ತದೆ.

ಅವರು ತೀರಿಕೊಂಡದ್ದು 1971ರಲ್ಲಿ. ಅದಕ್ಕೂ ಮೊದಲು, 1958ರಲ್ಲಿ, ಬೆನ್ನುಹುರಿಯ ಕಾಯಿಲೆಯಿಂದ ನಡಿಗೆ ಕುಂದಿದ್ದ ಜೋನ್ಸ್ ಅವರಿಗೆ ಸೇಂಟ್ ಆಂಡ್ರ್ಯೂಸ್ ಪಟ್ಟಣ ಗೌರವ ಪೌರತ್ವವನ್ನಿತ್ತಿತು.