ಗೋಳಗುಮ್ಮಟದ ದೊರೆ ಮಹಮ್ಮದ್ ಆದಿಲ್ ಶಾ

ವಿಜಯಪುರದ ಗೋಳಗುಮ್ಮಟದ ಬಗ್ಗೆ ನಾವೆಲ್ಲ ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಅದನ್ನು ಕಟ್ಟಿಸಿದ ಮಹಮ್ಮದ್ ಆದಿಲ್ ಶಾಗೂ ನಮ್ಮ ಬೆಂಗಳೂರಿಗೂ ನಂಟಿದೆ.

1627ರಲ್ಲಿ ಎಳೆಯ ವಯಸ್ಸಿನಲ್ಲೇ ಅವನು ಪಟ್ಟಕ್ಕೆ ಬಂದನು. 1636ರಲ್ಲಿ ಮೊಘಲ್ ದೊರೆ ಶಹಜಹಾನನೊಂದಿಗೆ ಒಪ್ಪಂದವಾಯಿತು. ಉತ್ತರದ ಭಯ ತಗ್ಗಿದ್ದರಿಂದ ಅವನ ಸೈನ್ಯ ದಕ್ಷಿಣಕ್ಕೆ ತಿರುಗಿತು. 1638ರಲ್ಲಿ ಬೆಂಗಳೂರು ಅವನ ವಶವಾಗಿ ಶಹಾಜಿಗೆ ಜಹಗೀರಾಯಿತು. ಕೆಂಪೇಗೌಡರ ಮನೆತನ ಮಾಗಡಿಗೆ ಹೋಯಿತು. ನಾವು ದಿನವೂ ಓಡಾಡುವ ಮಾಗಡಿ ರಸ್ತೆ ಆ ಊರಿನ ದಾರಿಯೇ.

ಕಮಾನು, ಗುಮ್ಮಟ, ಮಿನಾರು, ವಿಗ್ರಹಗಳ ಬದಲು ಬಳ್ಳಿ ಮತ್ತು ಅಕ್ಷರಗಳ ಅಲಂಕಾರ: ಇವು ಇಸ್ಲಾಮಿಕ್ ವಾಸ್ತುಶಿಲ್ಪದ ಲಕ್ಷಣಗಳು. ತಂದೆಯ ಸಮಾಧಿಯಾದ ಇಬ್ರಾಹಿಂ ರೋಜಾ ಕುಸುರಿ ಕೆತ್ತನೆಗೆ ಹೆಸರಾಗಿದೆ. ಮಗ ಆರಿಸಿಕೊಂಡದ್ದು ಗಾತ್ರವನ್ನು. ಚೌಕದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಕಷ್ಟದ ಕೆಲಸ. ಅಲ್ಲಿನ ಕುಶಲಕರ್ಮಿಗಳು ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಹೆಣೆದು ಚೌಕವನ್ನು ವೃತ್ತಕ್ಕೆ ತಂದರು. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟಕ್ಕೆ ಒಳಗೆ ಒಂದೂ ಕಂಬವಿಲ್ಲ. ಭಾರ ಕಮಾನುಗಳಿಂದ ಗೋಡೆಗಳಿಗೆ ಇಳಿಯುತ್ತದೆ. ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂರುವ ನನಗೆ ಈ ಲೆಕ್ಕಾಚಾರ ಇಂದಿಗೂ ಬೆರಗು.

ಕಾಯಿಲೆಯಿಂದ ಬಳಲಿದ ದೊರೆ 1656ರಲ್ಲಿ ತೀರಿಕೊಂಡನು. ಸಮಾಧಿಯ ಅಲಂಕಾರದ ಕೆಲಸ ಮುಗಿಯಲೇ ಇಲ್ಲ. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದನು. ಮೂವತ್ತೇ ವರ್ಷಗಳಲ್ಲಿ ರಾಜ್ಯ ಹೋಯಿತು. ಕೆಲಸಗಾರರ ಕಮಾನುಗಳು ಉಳಿದವು.

ನಮ್ಮ ಶಾಲೆಯಿಂದ ಪ್ರವಾಸ ಹೋಗುವ ಮಕ್ಕಳು ಪಿಸುಗುಟ್ಟುವ ಗ್ಯಾಲರಿಗೆ ಹತ್ತಿ ಕೂಗುವ ಮೊದಲು, ಕೆಳಗೆ ನಿಂತು ತಲೆಯೆತ್ತಿ ಆ ಎಂಟು ಕಮಾನುಗಳನ್ನು ಎಣಿಸಲಿ.