ಇಂದಿನ ಧಮ್ಮ ಚಿಂತನೆ: ಬುದ್ಧರ ವೈದ್ಯ ಜೀವಕ



ವಿಜ್ಞಾನ ಬೇರೆ, ಧಮ್ಮ ಬೇರೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಿಜ್ಞಾನಕ್ಕೆ ಆಸ್ಪತ್ರೆ, ಧಮ್ಮಕ್ಕೆ ವಿಹಾರ ಎಂಬುದು ಅವರ ಲೆಕ್ಕ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಜಗಳವಿಲ್ಲದೆ ಬಾಳಿದ್ದನ್ನು ನೋಡಬೇಕಾದರೆ ಜೀವಕನ ಬದುಕನ್ನು ಓದಬೇಕು. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಿಂಬಿಸಾರ, ಅನಾಥಪಿಂಡಿಕ, ಪ್ರಸೇನಜಿತರ ಸಾಲಿನಲ್ಲಿಯೇ ಜೀವಕನ ಧಮ್ಮದೀಕ್ಷೆಯನ್ನೂ ಹೇಳಿದ್ದಾರೆ. ಹೆಚ್ಚಿನ ವಿವರ ವಿನಯ ಪಿಟಕದ ಮಹಾವಗ್ಗದಲ್ಲಿದೆ. ಅದನ್ನು ಇಂದು ನಮ್ಮ ಮಾತಿನಲ್ಲಿ ನೋಡೋಣ.

*ತಿಪ್ಪೆಯ ಮೇಲಿನ ಕೂಸು*

ರಾಜಗೃಹದಲ್ಲಿ ಸಾಲವತಿ ಎಂಬ ಗಣಿಕೆಯಿದ್ದಳು. ಗರ್ಭಿಣಿಯಾದಾಗ ಕಾಯಿಲೆಯ ನೆಪ ಹೇಳಿ ಮನೆಯ ಬಾಗಿಲು ಹಾಕಿಸಿದಳು. ಗಂಡು ಮಗು ಹುಟ್ಟಿತು. ದಾಸಿಯನ್ನು ಕರೆದು, ಮಗುವನ್ನು ಹಳೆಯ ಮೊರದಲ್ಲಿಟ್ಟು ತಿಪ್ಪೆಗೆ ಎಸೆದು ಬಾ ಎಂದಳು. ದಾಸಿ ಹಾಗೆಯೇ ಮಾಡಿದಳು.

ಬೆಳಗ್ಗೆ ರಾಜಕುಮಾರ ಅಭಯ ಅರಮನೆಗೆ ಹೋಗುವ ದಾರಿಯಲ್ಲಿ ತಿಪ್ಪೆಯ ಮೇಲೆ ಕಾಗೆಗಳು ಮುತ್ತಿರುವುದನ್ನು ಕಂಡ. ಏನದು ಎಂದು ಕೇಳಿದ. ಮಗು ಎಂದರು. ಬದುಕಿದೆಯೇ ಎಂದು ಕೇಳಿದ. ಬದುಕಿದೆ ಎಂದರು. ಪಾಲಿಯಲ್ಲಿ ಬದುಕಿದೆ ಎನ್ನುವುದಕ್ಕೆ 'ಜೀವತಿ' ಎನ್ನುತ್ತಾರೆ. ಅದರಿಂದಲೇ ಮಗುವಿಗೆ ಜೀವಕ ಎಂಬ ಹೆಸರು ಬಂತು. ಕುಮಾರ ಸಾಕಿದ ಕಾರಣ 'ಕೋಮಾರಭಚ್ಚ' ಎಂಬುದು ಅದರ ಜೊತೆಗೆ ಸೇರಿತು.

ತಿಳಿವಳಿಕೆ ಬಂದ ಮೇಲೆ ಜೀವಕ, ನನ್ನ ತಾಯಿ ಯಾರು, ತಂದೆ ಯಾರು ಎಂದು ಅಭಯನನ್ನು ಕೇಳಿದ. ನಿನ್ನ ತಾಯಿಯನ್ನು ನಾನರಿಯೆ, ಸಾಕಿದ್ದರಿಂದ ನಾನೇ ನಿನಗೆ ತಂದೆ ಎಂದು ಅಭಯ ಹೇಳಿದ. ಜೀವಕ ಕೊರಗುತ್ತಾ ಕೂರಲಿಲ್ಲ. ಕೈಯಲ್ಲಿ ಒಂದು ವಿದ್ಯೆ ಇಲ್ಲದೆ ರಾಜಮನೆತನದ ಆಸರೆಯಲ್ಲಿ ಬಾಳುವುದು ಸುಲಭವಲ್ಲ ಎಂದು ಯೋಚಿಸಿದ. ಯಾರಿಗೂ ಹೇಳದೆ ದೂರದ ತಕ್ಷಶಿಲೆಗೆ ನಡೆದ.

ಅಲ್ಲಿ ಹೆಸರಾಂತ ವೈದ್ಯನೊಬ್ಬನಿದ್ದ. ಜೀವಕ ಅವನ ಬಳಿ ಹೋಗಿ ಕಲಿಯಬೇಕು ಎಂದ, ಗುರು ಹಾಗಾದರೆ ಕಲಿ ಎಂದ. ನಿನ್ನ ಕುಲ ಯಾವುದು, ತಂದೆ ಯಾರು ಎಂದು ಗುರು ಕೇಳಿದನೆಂದು ವಿನಯದ ಈ ಕಥೆಯಲ್ಲಿ ಎಲ್ಲಿಯೂ ಇಲ್ಲ. ಶಾಲೆಯ ಬಾಗಿಲಲ್ಲಿ ಕುಲ ಕೇಳಿಸಿಕೊಂಡವರ ಮಕ್ಕಳಾದ ನಮಗೆ ಇದು ಸಣ್ಣ ಮಾತಲ್ಲ.

*ಗುದ್ದಲಿ ಹಿಡಿದು ಬರೆದ ಪರೀಕ್ಷೆ*

7 ವರ್ಷ ಕಳೆಯಿತು. ಈ ವಿದ್ಯೆಗೆ ಕೊನೆ ಯಾವಾಗ ಎಂದು ಜೀವಕ ಕೇಳಿದ. ಗುರು ಅವನ ಕೈಗೆ ಗುದ್ದಲಿ ಕೊಟ್ಟ. ತಕ್ಷಶಿಲೆಯ ಸುತ್ತ ಒಂದು ಯೋಜನ ತಿರುಗಾಡು, ಔಷಧಿಯಾಗದ ಯಾವುದಾದರೂ ಕಂಡರೆ ತೆಗೆದುಕೊಂಡು ಬಾ ಎಂದ. ಜೀವಕ ತಿರುಗಿದ, ಅಗೆದ, ನೋಡಿದ. ಬರಿಗೈಯಲ್ಲಿ ಮರಳಿ ಬಂದು, ಔಷಧಿಯಾಗದ್ದು ಒಂದೂ ಕಾಣಲಿಲ್ಲ ಎಂದ. ನಿನ್ನ ಓದು ಮುಗಿಯಿತು ಎಂದು ಗುರು ಕಳಿಸಿಕೊಟ್ಟ.

ಈ ಪರೀಕ್ಷೆಯನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಆಗಾಗ ಹೇಳುತ್ತೇನೆ. ಇಲ್ಲಿ ಬಾಯಿಪಾಠ ಒಪ್ಪಿಸುವುದಿಲ್ಲ. ಗುರು ಹೇಳಿದ್ದಾನೆ ಎಂದು ಒಪ್ಪುವುದೂ ಇಲ್ಲ. ಹೊರಗೆ ಹೋಗಿ ಕಣ್ಣಾರೆ ನೋಡಿ, ಕಂಡದ್ದನ್ನು ಮಾತ್ರ ಹೇಳಬೇಕು. ಕಾಲಾಮರಿಗೆ ತಥಾಗತರು ತೋರಿಸಿದ ದಾರಿಯೂ ಇದೇ ಅಲ್ಲವೇ? ಪರಂಪರೆಯಿಂದ ಬಂದಿದೆ ಎಂದಾಗಲಿ, ಗುರು ಹೇಳಿದ್ದಾನೆ ಎಂದಾಗಲಿ ನಂಬಬೇಡಿ, ನೀವೇ ಪರೀಕ್ಷಿಸಿ ತಿಳಿಯಿರಿ ಎಂಬುದು ಅದರ ಸಾರ. ಜೀವಕ ಬುದ್ಧರನ್ನು ಕಾಣುವ ಮೊದಲೇ ಬುದ್ಧರ ದಾರಿಯಲ್ಲಿ ಅರ್ಧ ನಡೆದಿದ್ದ.

*ಚಾಕು, ತುಪ್ಪ, ತಾಳ್ಮೆ*

ಊರಿಗೆ ಮರಳುವಾಗ ಸಾಕೇತದಲ್ಲಿ ಬುತ್ತಿ ಮುಗಿಯಿತು. ಅಲ್ಲಿನ ಶ್ರೇಷ್ಠಿಯ ಹೆಂಡತಿಗೆ 7 ವರ್ಷದ ತಲೆನೋವು. ದೊಡ್ಡ ದೊಡ್ಡ ವೈದ್ಯರು ಬಂದು ಹೊನ್ನು ಪಡೆದು ಹೋಗಿದ್ದರು, ನೋವು ಮಾತ್ರ ಹೋಗಿರಲಿಲ್ಲ. ಈ ಹುಡುಗ ಏನು ಮಾಡಿಯಾನು ಎಂದು ಆಕೆ ಮೊದಲು ಬೇಡವೆಂದಳು. ಮುಂಗಡ ಏನೂ ಬೇಡ, ಗುಣವಾದರೆ ಮನಸ್ಸು ಬಂದಷ್ಟು ಕೊಡಿ ಎಂದ ಜೀವಕ. ಔಷಧಿ ಹಾಕಿ ಕಾಯಿಸಿದ ತುಪ್ಪವನ್ನು ಮೂಗಿನ ಮೂಲಕ ಕೊಟ್ಟ. ನೋವು ಹೋಯಿತು. ಮನೆಯವರೆಲ್ಲ ಸೇರಿ 16,000 ನಾಣ್ಯ, ದಾಸ ದಾಸಿಯರು, ಕುದುರೆ ರಥ ಕೊಟ್ಟರು. ಆ ಮೊದಲ ಗಳಿಕೆಯನ್ನು ಜೀವಕ ಸಾಕಿದ ತಂದೆ ಅಭಯನ ಮುಂದಿಟ್ಟ. ಅಭಯ ಅದನ್ನು ಮುಟ್ಟದೆ, ನಮ್ಮ ಆವರಣದಲ್ಲಿಯೇ ಮನೆ ಕಟ್ಟಿಕೋ ಎಂದ.

ಮುಂದೆ ರಾಜ ಬಿಂಬಿಸಾರನ ಭಗಂದರವನ್ನು ಲೇಪ ಹಚ್ಚಿ ಗುಣಪಡಿಸಿದ. ವಾರಾಣಸಿಯ ಶ್ರೇಷ್ಠಿಯ ಮಗನೊಬ್ಬ ಲಾಗ ಹಾಕಿ ಆಡುವಾಗ ಕರುಳು ತೊಡರಿಕೊಂಡು ಉಂಡದ್ದು ಜೀರ್ಣವಾಗದೆ ಒಣಗಿ ಹೋಗಿದ್ದ. ಜೀವಕ ಹೊಟ್ಟೆಯ ಚರ್ಮ ಸೀಳಿ, ತೊಡರಿದ ಕರುಳನ್ನು ಹೊರತೆಗೆದು ಅವನ ಹೆಂಡತಿಗೆ ತೋರಿಸಿದ. ಕಾಯಿಲೆಗೆ ಕಾರಣ ಇದು ಎಂದು ಹೇಳಿ, ಬಿಡಿಸಿ ಒಳಗಿಟ್ಟು ಹೊಲಿದ.

ರಾಜಗೃಹದ ಶ್ರೇಷ್ಠಿಯೊಬ್ಬನ ತಲೆಬುರುಡೆ ತೆರೆದು ಎರಡು ಹುಳು ತೆಗೆದ ಎಂದೂ ಕಥೆಯಿದೆ. ಹುಳುವಿನ ಮಾತನ್ನು ಅಕ್ಷರಶಃ ಒಪ್ಪಲೇಬೇಕೆಂದಿಲ್ಲ. ಈ ಕಥೆಗಳು ಬಾಯಿಂದ ಬಾಯಿಗೆ ಬಂದವು. ಆದರೆ ಅವುಗಳಲ್ಲಿ ಒಂದು ಸಂಗತಿ ಗಮನಿಸಿ. ಜೀವಕ ಎಲ್ಲಿಯೂ ಗ್ರಹಚಾರ ಎನ್ನುವುದಿಲ್ಲ, ದೆವ್ವ ಹಿಡಿದಿದೆ ಎನ್ನುವುದಿಲ್ಲ, ಪೂರ್ವಜನ್ಮದ ಪಾಪ ಎನ್ನುವುದಿಲ್ಲ. ಕಾಯಿಲೆಗೆ ದೇಹದಲ್ಲಿಯೇ ಕಾರಣ ಹುಡುಕುತ್ತಾನೆ, ಕಂಡದ್ದನ್ನು ಮನೆಯವರಿಗೆ ತೋರಿಸುತ್ತಾನೆ.

ಅದೇ ನಾಡಿನಲ್ಲಿ ಮುಂದೆ ಬಂದ ಮನುಸ್ಮೃತಿ ಏನು ಮಾಡಿತು? ವೈದ್ಯನ ಮನೆಯ ಅನ್ನವನ್ನು ಕೀವಿಗೆ ಹೋಲಿಸಿ, ಉಣ್ಣಬಾರದೆಂದು ವಿಧಿಸಿತು. ರೋಗಿಯನ್ನು, ರಕ್ತವನ್ನು ಮುಟ್ಟುವ ಕೈ ಅದಕ್ಕೆ ಮೈಲಿಗೆ. ನಮ್ಮ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಷ್ಟೋ ಸೂಲಗಿತ್ತಿಯರು ನಮ್ಮ ಕೇರಿಯ ಅಜ್ಜಿಯರೇ. ಜೀವ ಉಳಿಸುವಾಗ ಬೇಕಾದ ಕೈ ಮಾರನೆಯ ದಿನ ಮುಟ್ಟಬಾರದ ಕೈ ಆಗುತ್ತಿತ್ತು. ಧಮ್ಮದಲ್ಲಿ ಅಂಥ ಕೈಗೆ ಯಾವ ಸ್ಥಾನವಿತ್ತು ಎಂಬುದನ್ನು ಜೀವಕನ ಮುಂದಿನ ಬದುಕು ಹೇಳುತ್ತದೆ.

*ವೈದ್ಯ ಹೇಳಿದ, ಭಗವಾನರು ಕೇಳಿದರು*

ಬಿಂಬಿಸಾರ ಜೀವಕನನ್ನು ಅರಮನೆಗೂ ಬುದ್ಧರ ಸಂಘಕ್ಕೂ ವೈದ್ಯನನ್ನಾಗಿ ನೇಮಿಸಿದ. ಒಮ್ಮೆ ತಥಾಗತರ ಮೈಯಲ್ಲಿ ದೋಷ ತುಂಬಿ ಕಾಯಿಲೆಯಾಯಿತು. ಆನಂದ ಬಂದು ಜೀವಕನಿಗೆ ತಿಳಿಸಿದ. ಕೆಲವು ದಿನ ಮೈಗೆ ಎಣ್ಣೆ ತಿಕ್ಕಿ ಎಂದ ಜೀವಕ. ಆಮೇಲೆ ಬುದ್ಧರಿಗೆ ಕಟುವಾದ ಭೇದಿ ಮದ್ದು ಬೇಡವೆಂದು, ನೈದಿಲೆ ಹೂಗಳಿಗೆ ಔಷಧಿ ಹಾಕಿ ಮೂಸಲು ಕೊಟ್ಟ. ಭಗವಾನರು ವೈದ್ಯ ಹೇಳಿದಂತೆ ಮಾಡಿದರು. ಹೊಟ್ಟೆ ಶುದ್ಧಿಯಾಯಿತು, ಬಿಸಿನೀರಿನ ಸ್ನಾನವಾಯಿತು, ಪಥ್ಯವಾಯಿತು, ಗುಣವಾಯಿತು.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಸಮ್ಯಕ್ ಸಂಬುದ್ಧರು ತಮ್ಮ ಕಾಯಿಲೆಗೆ ಪವಾಡ ಮಾಡಲಿಲ್ಲ. ಮಂತ್ರ ಹೇಳಿಕೊಳ್ಳಲಿಲ್ಲ. ತಿಳಿದವನನ್ನು ಕರೆಸಿ ಅವನ ಮಾತು ಕೇಳಿದರು. ದೇಹ ದೇಹದ ನಿಯಮದಂತೆ ನಡೆಯುತ್ತದೆ, ಅದನ್ನು ಬಲ್ಲವನು ವೈದ್ಯ ಎಂಬುದನ್ನು ಅವರು ಒಪ್ಪಿದ್ದರು.

ತಮ್ಮ ಮೈಯ ವಿಷಯದಲ್ಲಷ್ಟೇ ಅಲ್ಲ, ಸಂಘದ ನಿಯಮಗಳಲ್ಲಿಯೂ ಅವರು ಜೀವಕನ ಮಾತು ಕೇಳಿದರು. ಭಿಕ್ಖುಗಳು ಆಗ ತಿಪ್ಪೆ, ಸ್ಮಶಾನಗಳಲ್ಲಿ ಬಿದ್ದ ಚಿಂದಿ ಆಯ್ದು ಹೊಲಿದ ಚೀವರ ಉಡುತ್ತಿದ್ದರು. ಉಜ್ಜಯಿನಿಯ ರಾಜ ಪ್ರದ್ಯೋತ ತನ್ನ ಕಾಮಾಲೆ ವಾಸಿ ಮಾಡಿದ್ದಕ್ಕೆ ಕಳಿಸಿದ ಬೆಲೆಬಾಳುವ ಬಟ್ಟೆಯನ್ನು ಜೀವಕ ಬುದ್ಧರಿಗೆ ಅರ್ಪಿಸಿದ. ಗೃಹಸ್ಥರು ಕೊಡುವ ಬಟ್ಟೆಯನ್ನೂ ಸಂಘ ಸ್ವೀಕರಿಸಲಿ ಎಂದು ಬೇಡಿಕೊಂಡ. ಭಗವಾನರು ಒಪ್ಪಿದರು. ಬೇಕಾದವರು ಚಿಂದಿ ಉಡಲಿ, ಬೇಕಾದವರು ದಾನದ ಬಟ್ಟೆ ಉಡಲಿ ಎಂದರು. ಪುಷ್ಕಳ ಭೋಜನದಿಂದ ಭಿಕ್ಖುಗಳ ಆರೋಗ್ಯ ಕೆಡುತ್ತಿದೆ, ಅವರಿಗೆ ನಡೆದಾಡುವ ಜಾಗ ಮತ್ತು ಬೆವರು ಬರಿಸುವ ಸ್ನಾನಗೃಹ ಬೇಕು ಎಂದು ಇನ್ನೊಮ್ಮೆ ಹೇಳಿದ. ಅದಕ್ಕೂ ಅನುಮತಿ ಸಿಕ್ಕಿತು. ಚಂಕಮಣ ಎಂದು ನಾವು ಇಂದು ಮಾಡುವ ನಡಿಗೆಯ ಧ್ಯಾನದ ಜಾಗದ ಹಿಂದೆ ಒಬ್ಬ ವೈದ್ಯನ ಸಲಹೆಯೂ ಇದೆ.

ಒಂದು ಕಷ್ಟದ ಪ್ರಸಂಗವೂ ಇದೆ, ಅದನ್ನು ಮುಚ್ಚಿಡಬಾರದು. ಮಗಧದಲ್ಲಿ ಕುಷ್ಠ, ಕ್ಷಯ, ಅಪಸ್ಮಾರದಂಥ 5 ರೋಗಗಳು ಹಬ್ಬಿದ್ದವು. ಜನ ಜೀವಕನ ಬಳಿ ಬಂದರು. ಅರಮನೆ ಮತ್ತು ಸಂಘದ ಕೆಲಸವೇ ಬಹಳವಾಗಿದೆ, ನನ್ನಿಂದಾಗದು ಎಂದು ಅವನು ಕೈಚೆಲ್ಲಿದ. ಆಗ ಕೆಲವರು ಚಿಕಿತ್ಸೆಗಾಗಿಯೇ ತಲೆ ಬೋಳಿಸಿಕೊಂಡು ಭಿಕ್ಖುಗಳಾದರು, ಗುಣವಾದ ಮೇಲೆ ಚೀವರ ಬಿಟ್ಟು ಹೋದರು. ಜೀವಕ ದೂರಿದಾಗ, ಆ ರೋಗಗಳಿದ್ದವರಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಬಂತು. ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ತಪ್ಪು ಆ ರೋಗಿಗಳದ್ದಲ್ಲ. ಬಡವನಿಗೆ ಬೇರೆಲ್ಲೂ ಔಷಧಿ ಸಿಗದ ವ್ಯವಸ್ಥೆ ಅದು. ಒಬ್ಬ ಒಳ್ಳೆಯ ವೈದ್ಯನಿದ್ದರೆ ಸಾಲದು, ಚಿಕಿತ್ಸೆ ಎಲ್ಲರ ಹಕ್ಕಾಗಬೇಕು. ಮುಂದೆ ಸಾಮ್ರಾಟ ಅಶೋಕ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿ, ಔಷಧಿ ಗಿಡಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದನ್ನು ಗಿರ್ನಾರಿನ 2ನೆಯ ಶಿಲಾಶಾಸನ ಹೇಳುತ್ತದೆ. ಜೀವಕನಿಂದ ಆಗದೆ ಉಳಿದದ್ದನ್ನು ಧಮ್ಮದ ರಾಜನೊಬ್ಬ ಮುಂದುವರಿಸಿದ.

*ಚೀವರ ಉಡದ ಶಿಷ್ಯ*

ಜೀವಕ ಬುದ್ಧರ ಉಪಾಸಕನಾದ, ತನ್ನ ಮಾವಿನ ತೋಪನ್ನು ಸಂಘಕ್ಕೆ ಬಿಟ್ಟುಕೊಟ್ಟ. ಆ ವಿಹಾರದ್ದೆಂದು ಗುರುತಿಸಿರುವ ಉದ್ದನೆಯ ಅಂಡಾಕಾರದ ಕಟ್ಟಡಗಳ ತಳಪಾಯ ಇಂದಿಗೂ ರಾಜಗೀರ್‌ನಲ್ಲಿದೆ. ಆದರೆ ಅವನು ಭಿಕ್ಖುವಾಗಲಿಲ್ಲ. ಏಕೆ? ರೋಗಿಗಳ, ಗಾಯಗೊಂಡವರ ಸೇವೆಗೆ ಅವನು ಸ್ವತಂತ್ರನಾಗಿರಲಿ ಎಂದು ಭಗವಾನರೇ ಅವನಿಗೆ ಭಿಕ್ಖು ದೀಕ್ಷೆ ಕೊಡಲಿಲ್ಲ ಎಂದು ಬಾಬಾಸಾಹೇಬರು ಬರೆದಿದ್ದಾರೆ. ಅಂದರೆ ಅವನ ವಿದ್ಯೆಯೇ ಅವನ ಸಾಧನೆ. ಔಷಧಿಯ ಚೀಲ ಕೆಳಗಿಟ್ಟು ಬಾ, ಆಮೇಲೆ ಧಮ್ಮ ಎಂದು ಬುದ್ಧರು ಹೇಳಲಿಲ್ಲ.

ಜೀವಕನ ಬದುಕಿನಲ್ಲಿ ಕೊನೆಗೆ ಒಂದು ವಿಚಿತ್ರ ರೋಗಿ ಬಂದ. ಬಿಂಬಿಸಾರನನ್ನು ಅವನ ಮಗ ಅಜಾತಶತ್ರುವೇ ಕೊಂದು ಪಟ್ಟವೇರಿದ್ದ. ಜೀವಕ ಕೈಯಾರೆ ಗುಣಪಡಿಸಿದ ರಾಜ ಸತ್ತ, ಕೊಂದವನಿಗೇ ಈಗ ಅವನು ವೈದ್ಯ. ಒಂದು ಹುಣ್ಣಿಮೆಯ ರಾತ್ರಿ ಅಜಾತಶತ್ರುವಿಗೆ ಮನಶ್ಶಾಂತಿ ಬೇಕೆನಿಸಿತು. ಯಾರ ಬಳಿ ಹೋಗಲಿ ಎಂದು ಕೇಳಿದ. ಮಂತ್ರಿಗಳು ಒಬ್ಬೊಬ್ಬ ಗುರುವಿನ ಹೆಸರು ಹೇಳಿದರು. ಜೀವಕ ಸುಮ್ಮನಿದ್ದ. ನೀನೇಕೆ ಸುಮ್ಮನಿದ್ದೀಯೆ ಎಂದು ರಾಜ ಕೇಳಿದ ಮೇಲೆಯೇ, ಭಗವಾನರು ನನ್ನ ಮಾವಿನ ತೋಪಿನಲ್ಲಿದ್ದಾರೆ ಎಂದ.

ಆನೆಗಳ ಸಾಲಿನೊಂದಿಗೆ ರಾಜ ಹೊರಟ. ತೋಪು ಹತ್ತಿರವಾದಂತೆ ಅವನಿಗೆ ಭಯ ಹತ್ತಿತು. 1,250 ಭಿಕ್ಖುಗಳಿದ್ದರೂ ಕೆಮ್ಮಿನ ಸದ್ದೂ ಇಲ್ಲ, ನನ್ನನ್ನು ವೈರಿಗಳಿಗೆ ಒಪ್ಪಿಸುತ್ತಿದ್ದೀಯಾ ಎಂದು ಜೀವಕನನ್ನೇ ಶಂಕಿಸಿದ. ತಂದೆಯನ್ನು ಕೊಂದವನು ಮೌನಕ್ಕೂ ಹೆದರುತ್ತಾನೆ. ಹೆದರಬೇಡಿ, ಅಗೋ ಮಂಟಪದಲ್ಲಿ ದೀಪ ಉರಿಯುತ್ತಿದೆ, ಮುಂದೆ ನಡೆಯಿರಿ ಎಂದು ಜೀವಕ ಧೈರ್ಯ ಹೇಳಿದ. ಆ ರಾತ್ರಿ ಅಜಾತಶತ್ರು ಧಮ್ಮ ಕೇಳಿದ, ಪಿತೃಹತ್ಯೆಯನ್ನು ಬಾಯಿಬಿಟ್ಟು ಒಪ್ಪಿಕೊಂಡ, ಉಪಾಸಕನಾದ. ದೀಘ ನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಇದು ಬರುತ್ತದೆ. ಮಾಡಿದ ಕರ್ಮ ಅಳಿಸಿಹೋಗಲಿಲ್ಲ. ಆದರೆ ತಪ್ಪನ್ನು ತಪ್ಪೆಂದು ನೋಡುವ ಕಣ್ಣು ಅವನಿಗೆ ಬಂತು.

ಜೀವಕನ ಬಳಿ ಸಾವಿರ ಮೂಲಿಕೆಗಳಿದ್ದವು. ಈ ರೋಗಕ್ಕೆ ಅವನು ಒಂದನ್ನೂ ಅರೆಯಲಿಲ್ಲ. ತನ್ನ ಮದ್ದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕರುಳು ತೊಡರಿದವನಿಗೆ ಉಪದೇಶ ಕೊಡಲಿಲ್ಲ, ಮನಸ್ಸು ತೊಡರಿದವನಿಗೆ ಕಷಾಯ ಕೊಡಲಿಲ್ಲ. ವೈದ್ಯನೂ ಬುದ್ಧರೂ ಕೇಳಿದ ಪ್ರಶ್ನೆ ಒಂದೇ: ನೋವು ಏನು, ಅದಕ್ಕೆ ಕಾರಣವೇನು, ಕಾರಣ ನೀಗುವುದೇ, ನೀಗಿಸುವ ದಾರಿ ಯಾವುದು? ನಾಲ್ಕು ಆರ್ಯಸತ್ಯಗಳೂ ಇದೇ ಕ್ರಮದಲ್ಲಿವೆ. ವಿಜ್ಞಾನ ಮತ್ತು ಅಂತರಂಗದ ಸಾಧನೆ ಸೇರುವ ಜಾಗ ಇದು. ಎರಡಕ್ಕೂ ಕಾರಣ ಬೇಕು, ಎರಡಕ್ಕೂ ಕರುಣೆ ಬೇಕು.

*ಇಂದಿನ ಚಿಂತನೆಗೆ*

ದೀಕ್ಷೆ ಪಡೆದ ನಮ್ಮ ಮನೆಗಳಲ್ಲಿಯೂ ಕಾಮಾಲೆಗೆ ಮಂತ್ರ ಹಾಕಿಸುವವರು, ಮೂರ್ಛೆ ರೋಗಕ್ಕೆ ತಾಯತ ಕಟ್ಟಿಸುವವರು ಇನ್ನೂ ಇದ್ದಾರೆ. ತ್ರಿಶರಣವನ್ನೇ ಮಂತ್ರದಂತೆ ಹೇಳಿದರೆ ಜ್ವರ ಇಳಿಯುತ್ತದೆ ಎಂದು ನಂಬಿದವರೂ ಇದ್ದಾರೆ. ಅವರನ್ನು ಗೇಲಿ ಮಾಡುವುದು ಬೇಡ. ಜೊತೆಗೆ ಹೋಗಿ ಆಸ್ಪತ್ರೆಯ ಚೀಟಿ ಮಾಡಿಸೋಣ, ಬುದ್ಧರೂ ವೈದ್ಯ ಕೊಟ್ಟ ಔಷಧಿ ತೆಗೆದುಕೊಂಡರು ಎಂದು ಹೇಳೋಣ. ಹಾಗೆಯೇ ವರದಿಗಳೆಲ್ಲ ಸರಿ ಇದ್ದರೂ ನಿದ್ದೆ ಬಾರದವರು, ಕುಡಿತಕ್ಕೆ ಬಿದ್ದವರು, ಮಾಡಿದ ತಪ್ಪನ್ನು ಯಾರಿಗೂ ಹೇಳಲಾರದವರು ನಮ್ಮ ನಡುವೆ ಇದ್ದಾರೆ. ಅವರಿಗೂ ವೈದ್ಯರ ನೆರವು ಬೇಕಾದೀತು. ಅದರ ಜೊತೆಗೆ, ಹೆದರಬೇಡ, ಮುಂದೆ ನಡೆ ಎಂದು ಪಕ್ಕದಲ್ಲಿ ನಡೆಯುವ ಒಬ್ಬ ಗೆಳೆಯನೂ ಬೇಕು.

1. ನಮ್ಮ ಮನೆಯಲ್ಲಿ ಕಾರಣ ಕೇಳದೆ ನಡೆಸಿಕೊಂಡು ಬಂದ ಆಚರಣೆ ಯಾವುದು?
2. ನಮ್ಮ ಉದ್ಯೋಗವನ್ನೇ ಧಮ್ಮದ ಸೇವೆಯಾಗಿ ಮಾಡುವುದು ಹೇಗೆ?
3. ಇಂದು ಯಾರ ಪಕ್ಕದಲ್ಲಿ ನಾವು ನಡೆಯಬೇಕಾಗಿದೆ?

ಸಂಜೆ ವಂದನೆಯ ನಂತರ ಮಕ್ಕಳಿಗೆ ಜೀವಕನ ಗುದ್ದಲಿಯ ಕಥೆ ಹೇಳಿ. ಭಾನುವಾರದ ಅಧ್ಯಯನದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸೋಣ. ಇತರ ಬಂಧುಗಳಿಗೂ ಕಳುಹಿಸಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.