ಕ್ರಿಸ್ಟೀನ್ ಜಾರ್ಗೆನ್ಸನ್

ಕ್ರಿಸ್ಟೀನ್ ಜಾರ್ಗೆನ್ಸನ್ (ಮೇ 30, 1926 – ಮೇ 3, 1989) ಅಮೆರಿಕದ ರಂಗಕಲಾವಿದೆ, ಗಾಯಕಿ ಹಾಗೂ ಲೇಖಕಿ. ಗಂಡಾಗಿ ಹುಟ್ಟಿ ಶಸ್ತ್ರಚಿಕಿತ್ಸೆಯ ಮೂಲಕ ಹೆಣ್ಣಾದವರಲ್ಲಿ ಅಮೆರಿಕದಾದ್ಯಂತ ಮನೆಮಾತಾದ ಮೊದಲಿಗರು. ಈ ಶಸ್ತ್ರಚಿಕಿತ್ಸೆಗೆ ಒಳಗಾದವರು ಮುಂದೆ ಪಶ್ಚಾತ್ತಾಪ ಪಡುವರೇ ಎಂಬ ಪ್ರಶ್ನೆಯನ್ನು ಮೂರೂವರೆ ದಶಕ ಕಾಲ ಎದುರಿಸಿದವರೂ ಹೌದು.

ಆರಂಭಿಕ ಜೀವನ

ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಡೇನಿಶ್ ಮೂಲದ ಕುಟುಂಬದಲ್ಲಿ ಜನಿಸಿದರು. 1945ರಲ್ಲಿ ಕಡ್ಡಾಯ ಸೈನಿಕ ಸೇವೆಗೆ ಸೇರಿ, ಫೋರ್ಟ್ ಡಿಕ್ಸ್ ಶಿಬಿರದಲ್ಲಿ ಗುಮಾಸ್ತರಾಗಿ ದುಡಿದರು. ಬಳಿಕ ಛಾಯಾಗ್ರಹಣವನ್ನು ಅಭ್ಯಾಸ ಮಾಡಿದರು.

ಚಿಕಿತ್ಸೆ

1950ರಲ್ಲಿ ಡೆನ್ಮಾರ್ಕಿಗೆ ತೆರಳಿದ ಅವರು ಕೋಪನ್‌ಹೇಗನ್‌ನಲ್ಲಿ ನಿರ್ನಾಳ ಗ್ರಂಥಿಗಳ ತಜ್ಞ ಕ್ರಿಶ್ಚಿಯನ್ ಹ್ಯಾಂಬರ್ಗರ್ ಅವರನ್ನು ಕಂಡರು. ಹಾರ್ಮೋನು ಚಿಕಿತ್ಸೆ ಹಾಗೂ ಮನೋವೈದ್ಯರ ಪರೀಕ್ಷೆ ಮೊದಲು ನಡೆದವು. ನ್ಯಾಯಾಂಗ ಸಚಿವರ ವಿಶೇಷ ಅನುಮತಿ ದೊರೆತ ಮೇಲೆ 1951ರ ಸೆಪ್ಟೆಂಬರಿನಲ್ಲಿ ಮೊದಲ ಶಸ್ತ್ರಚಿಕಿತ್ಸೆ, 1952ರ ನವೆಂಬರಿನಲ್ಲಿ ಎರಡನೆಯದು ನಡೆಯಿತು. ಅವಸರದಲ್ಲಿ ಆದ ನಿರ್ಧಾರವಿದು ಎಂಬ ಅಂದಿನ ಆಕ್ಷೇಪಕ್ಕೆ ಈ ದಿನಾಂಕಗಳೇ ಉತ್ತರ ನೀಡುತ್ತವೆ. ವೈದ್ಯರ ಮೇಲಿನ ಗೌರವದಿಂದ ಅವರು ಕ್ರಿಸ್ಟೀನ್ ಎಂಬ ಹೆಸರನ್ನು ಇಟ್ಟುಕೊಂಡರು.

ಪ್ರಸಿದ್ಧಿ

1952ರ ಡಿಸೆಂಬರ್ 1ರಂದು ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆ ಈ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿತು. ಇದು ಜಗತ್ತಿನಲ್ಲೇ ಮೊದಲನೆಯದೆಂದು ಪತ್ರಿಕೆಗಳು ಬಣ್ಣಿಸಿದವು, ಅದು ಸರಿಯಲ್ಲ. ಲಿಲಿ ಎಲ್ಬೆಯವರ ಶಸ್ತ್ರಚಿಕಿತ್ಸೆಗಳು ಜರ್ಮನಿಯಲ್ಲಿ ಎರಡು ದಶಕಗಳ ಹಿಂದೆಯೇ ನಡೆದಿದ್ದವು. ಸುದ್ದಿ ಹರಡಿದ ಮೇಲೆ ಅದೇ ಚಿಕಿತ್ಸೆಯನ್ನು ಕೋರಿ ಹ್ಯಾಂಬರ್ಗರ್ ಅವರಿಗೆ ಪತ್ರಗಳು ಬರತೊಡಗಿದವು. 465 ಜನರ ಪತ್ರಗಳನ್ನು ಆಧರಿಸಿ ಅವರು 1953ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು.

ಸ್ವದೇಶಕ್ಕೆ ಮರಳಿದ ಜಾರ್ಗೆನ್ಸನ್ ರಾತ್ರಿ ಕ್ಲಬ್ಬುಗಳಲ್ಲಿ ಹಾಡಿ, ನಟಿಸಿ ಜೀವನ ಸಾಗಿಸಿದರು. ಕುತೂಹಲಕ್ಕೆ ಬಂದವರೂ ಅಪಹಾಸ್ಯಕ್ಕೆ ಬಂದವರೂ ಸಭಿಕರಲ್ಲಿದ್ದರು. ಜನನ ಪತ್ರದಲ್ಲಿ ಪುರುಷ ಎಂದಿದ್ದ ಕಾರಣ 1959ರಲ್ಲಿ ಅವರಿಗೆ ವಿವಾಹದ ಪರವಾನಗಿ ದೊರೆಯಲಿಲ್ಲ. ಅವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು. 1967ರಲ್ಲಿ ಆತ್ಮಕಥೆ ಪ್ರಕಟವಾಯಿತು. 1970ರಲ್ಲಿ ಅದು ಚಲನಚಿತ್ರವಾಯಿತು. ನಂತರದ ವರ್ಷಗಳಲ್ಲಿ ಕಾಲೇಜುಗಳಲ್ಲಿ ಉಪನ್ಯಾಸ ನೀಡಿದರು. 62ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು.

ಪಶ್ಚಾತ್ತಾಪದ ಪ್ರಶ್ನೆ

ತಮ್ಮ ನಿರ್ಧಾರದ ಬಗ್ಗೆ ಪಶ್ಚಾತ್ತಾಪವಿಲ್ಲವೆಂದು ಜಾರ್ಗೆನ್ಸನ್ ಕೊನೆಯವರೆಗೂ ಹೇಳುತ್ತಿದ್ದರು. ಒಬ್ಬರ ಮಾತಿನಿಂದ ಎಲ್ಲರ ಸ್ಥಿತಿ ತಿಳಿಯದು. ಎಣಿಕೆಯ ಅಧ್ಯಯನಗಳು ಬಂದದ್ದು ತಡವಾಗಿ. ಸ್ವೀಡನ್ನಿನಲ್ಲಿ 1960ರಿಂದ 2010ರವರೆಗೆ ಕಾನೂನುಬದ್ಧವಾಗಿ ಲಿಂಗ ಬದಲಿಸಿಕೊಂಡ 681 ಮಂದಿಯಲ್ಲಿ ಹಿಂದಿನ ಸ್ಥಿತಿಗೆ ಮರಳಲು ಅರ್ಜಿ ಸಲ್ಲಿಸಿದವರು 15 ಜನ, ಅಂದರೆ ಶೇಕಡ 2.2. ಆಮ್‌ಸ್ಟರ್‌ಡ್ಯಾಮಿನ ಚಿಕಿತ್ಸಾಲಯವೊಂದರ 1972–2015ರ ದಾಖಲೆಗಳ ಪ್ರಕಾರ, ಜನನಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಪಶ್ಚಾತ್ತಾಪ ಪಟ್ಟ ಪರಿವರ್ತಿತ ಮಹಿಳೆಯರು ಶೇಕಡ 0.6, ಪುರುಷರು ಶೇಕಡ 0.3. ಅವರಲ್ಲಿ ಕೆಲವರ ಪಶ್ಚಾತ್ತಾಪಕ್ಕೆ ಶಸ್ತ್ರಚಿಕಿತ್ಸೆಗಿಂತ ಬಂಧುಗಳ ಹಾಗೂ ಸಮಾಜದ ತಿರಸ್ಕಾರವೇ ಕಾರಣವಾಗಿತ್ತು. ಆದರೆ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು: ಪಶ್ಚಾತ್ತಾಪ ಹಲವು ವರ್ಷಗಳ ಬಳಿಕ ಕಾಣಿಸಿಕೊಳ್ಳಬಹುದು, ಮತ್ತು ಆ ಚಿಕಿತ್ಸಾಲಯದ ಸಂಪರ್ಕದಿಂದ ಶೇಕಡ 36ರಷ್ಟು ಜನ ತಪ್ಪಿಹೋಗಿದ್ದರು.